ಮಿಲ್ಲಿನ ಕಂಪ್ಯೂಟರು ಗಿರಿಜಮ್ಮನ ಮನೆಯಲ್ಲಿ ನಡೆದ ಬಗೆ

ಕಂಪ್ಯೂಟರಿಗೆ ತಣ್ಣನೆಯ ಕೋಣೆಯೇ ಬೇಕು, ಅದರ ಮುಂದೆ ಚಪ್ಪಲಿ ಮೆಟ್ಟಿ ಹೋಗಬಾರದು ಎಂದು ಮೊದಲು ಹೇಳಿದವರು ಯಾರೆಂದು ನಾನು ಬಹಳ ದಿನ ಹುಡುಕಿದೆ. ಹೇಳಿದವರು ಸಿಗಲಿಲ್ಲ, ಹೇಳಿದ್ದಾರಂತೆ ಎನ್ನುವವರು ಮಾತ್ರ ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಸಾಲುಗಟ್ಟಿ ಸಿಕ್ಕರು. ಈಗ ಈ ಕಂಪ್ಯೂಟರ್ ದುರಸ್ತಿ ಕೆಲಸಕ್ಕೆ ಇಳಿಯುತ್ತಿರುವವರಿಗೆ ನಾನು ಬರೆದಿಡಬೇಕಾದದ್ದು ಏನಾದರೂ ಇದ್ದರೆ ಅದು ಈ ಅಂತೆಕಂತೆಗಳ ವಿಚಾರವೇ. ಯಾವ ತಿರುಪನ್ನು ಎಲ್ಲಿ ಬಿಚ್ಚಬೇಕೆಂಬುದನ್ನು ಅವರು ಒಂದು ವಾರದಲ್ಲಿ ಕಲಿಯುತ್ತಾರೆ. ಅದಕ್ಕೆ ಪುಸ್ತಕ ಬೇಡ.

ನಾನು ತಂಬ್ರಹಳ್ಳಿಯವನು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷು ನನ್ನನ್ನು ಕೈಬಿಟ್ಟಿತು. ಅದರ ಮೇಲಿನ ಹಟಕ್ಕೆ, ರೇಡಿಯೋ ಪೆಟ್ಟಿಗೆಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಕೈಪಿಡಿಗಳನ್ನು ನಿಘಂಟು ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಕೈಕೆಲಸ ಕಲಿತದ್ದು ಹರಪನಹಳ್ಳಿಯಲ್ಲಿ, ಖಾಸಿಂ ಸಾಹೇಬರೆಂಬ ರೇಡಿಯೋ ಮೆಕ್ಯಾನಿಕ್ಕರ ಬಳಿ. ಗಿರಾಕಿ ತನ್ನ ರೇಡಿಯೋದ ರೋಗವನ್ನು ತಾನೇ ವಿವರಿಸತೊಡಗಿದಾಗ ನಾನು ತಲೆಯಾಡಿಸುತ್ತ ನಿಂತರೆ ಸಾಹೇಬರು ಒಳಗಿನಿಂದ ಕೂಗುತ್ತಿದ್ದರು: “ಮೊದ್ಲು ಮೀಟ್ರು ಹಚ್ಚಲೇ, ಆಮ್ಯಾಲೆ ಬಾಯಿ ಹಚ್ಚು!”

ಮೇಲಿನವರಿಂದ ನಾನು ಕೇಳಿದ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಅದನ್ನು ಅವರೂ ಪೂರ್ತಿ ಪಾಲಿಸಲಿಲ್ಲ. ವಾಲ್ವಿನ ರೇಡಿಯೋದ ಧ್ವನಿ ಟ್ರಾನ್ಸಿಸ್ಟರಿನ ಧ್ವನಿಗಿಂತ ಇಂಪೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. “ಮೀಟ್ರು ಹಚ್ಚಿ ನೋಡೋಣೇನ್ರಿ?” ಎಂದು ಒಮ್ಮೆ ಕೇಳಿದೆ. “ನೀ ಹೊರಗ ಹೋಗಿ ಚಾ ಹೇಳಿ ಬಾ” ಎಂದರು.

ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ದುರಸ್ತಿ ಕೆಲಸಕ್ಕೆ ಸೇರಿದೆ. ಅದರ ಮಾಲೀಕ ಅಲ್ಲಿಯವರೆಗೆ ಗೊಬ್ಬರದ ವ್ಯಾಪಾರಿ. ಕೇಂದ್ರ ತೆರೆದ ಬೆಳಿಗ್ಗೆಯಿಂದ ಪ್ರಿನ್ಸಿಪಾಲ್. ಚಪ್ಪಲಿ ಬಿಡಿಸಿದ್ದು ಸಾಲದೆಂದು ಆತ ಬಾಗಿಲಲ್ಲಿ ಒಂದು ಬಕೆಟ್ ನೀರನ್ನೂ ಇಡಿಸಿದ್ದ. ವಿದ್ಯಾರ್ಥಿಗಳು ಕಾಲು ತೊಳೆದು ಒದ್ದೆಗಾಲಿನಲ್ಲಿ ಬಂದು ಕುಳಿತು ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಕಾರಣ ಸರಳ: ಅರ್ಥಿಂಗ್ ತಂತಿ ನೆಲಕ್ಕೆ ಇಳಿಯದೆ ಗೋಡೆಯೊಳಗೇ ಮುಗಿದುಹೋಗಿತ್ತು. ಪ್ರಿನ್ಸಿಪಾಲರ ವಿವರಣೆ ಇನ್ನೂ ಸರಳವಾಗಿತ್ತು: “ಅದು ಕಂಪ್ಯೂಟ್ರಿನ ಪವರ್ರು. ರೂಢಿ ಆಗ್ತೈತಿ.”

ವೈರಸ್ಸಿನ ವಿಷಯದಲ್ಲಂತೂ ಆತನ ಎಚ್ಚರಿಕೆ ಆಸ್ಪತ್ರೆಗಳನ್ನು ನಾಚಿಸುವಂತಿತ್ತು. ವೈರಸ್ ಬಂದಿದೆಯೆಂದು ಅನುಮಾನವಿದ್ದ ಫ್ಲಾಪಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಬೇರೆ ಕಪಾಟಿನಲ್ಲಿಡಬೇಕು. ಒಳ್ಳೆಯ ಫ್ಲಾಪಿಗಳಿಗೆ ಅದರ ಗಾಳಿ ತಾಗಬಾರದು.

“ಸರ್, ಅದು ರೋಗ ಅಲ್ರಿ. ಯಾರೋ ಕಿಡಿಗೇಡಿಗಳು ಬರದ ಪ್ರೋಗ್ರಾಮು. ಬಾಜೂಕ ಇಟ್ರ ಅಂಟಲ್ಲ” ಎಂದೆ.

“ನಿನ್ನತ್ರ ಸರ್ಟಿಫಿಕೇಟ್ ಐತೇನಪ?”

“ಇಲ್ರಿ.”

“ಹಂಗಾರ ಗಂಟು ಬಿಗಿ ಕಟ್ಟು.”

ಕಟ್ಟಿದೆ. ಆ ಕೆಲಸ ಬಿಟ್ಟು ಕೊಟ್ಟೂರಿನಲ್ಲಿ ಸ್ವಂತ ಅಂಗಡಿ ಇಟ್ಟದ್ದು ಅದರ ಮುಂದಿನ ಬೇಸಿಗೆಯಲ್ಲಿ.

ಆ ಹೊತ್ತಿಗೆ ಕಚೇರಿಗಳು, ಮಿಲ್ಲುಗಳು, ಸಂಘಗಳು ತಮ್ಮ ಮೊದಮೊದಲ ಕಂಪ್ಯೂಟರುಗಳನ್ನು ಹೊರಗೆ ಹಾಕತೊಡಗಿದ್ದವು. ಇಸವಿ ಎರಡು ಸಾವಿರಕ್ಕೆ ತಿರುಗಿದ ಕೂಡಲೇ ಹಳೆಯ ಯಂತ್ರಗಳೆಲ್ಲ ನಿಂತುಹೋಗುತ್ತವೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಪತ್ರಿಕೆ ಓದದವರಿಗೆ ಓದಿದವರು ಹೇಳಿದ್ದರು. ನಾನು ಒಂದು ಯಂತ್ರದ ತಾರೀಖನ್ನು ಕೈಯಿಂದಲೇ ಮುಂದಕ್ಕೆ ತಿರುಗಿಸಿ ನೋಡಿದೆ. ಅದು ಯಾವುದೋ ಹಳೆಯ ಇಸವಿ ತೋರಿಸಿತು, ಅಷ್ಟೇ. ಸರಿಯಾದ ಇಸವಿ ಬರೆದುಕೊಟ್ಟೆ, ಒಪ್ಪಿಕೊಂಡು ನಡೆಯಿತು. ಆದರೆ ಹೊಸ ಯಂತ್ರ ಕೊಳ್ಳಲು ಮನಸ್ಸು ಮಾಡಿದ ಸಾಹೇಬನಿಗೆ ಹಳೆಯದು ಸತ್ತಿಲ್ಲವೆಂದು ಹೇಳುವಷ್ಟು ಅಪ್ರಿಯವಾದ ಮಾತು ಇನ್ನೊಂದಿಲ್ಲ. ಹಾಗೆ ಬದುಕಿರುವಾಗಲೇ ಸತ್ತವೆಂದು ಬರೆಯಿಸಿಕೊಂಡ ಕಂಪ್ಯೂಟರುಗಳು ಗುಜರಿಯವನ ಗಾಡಿಯಲ್ಲಿ ಕಬ್ಬಿಣದ ಜೊತೆ ತೂಕಕ್ಕೆ ಹೋಗುತ್ತಿದ್ದವು. ನಾನು ಅವನ್ನು ಅಲ್ಲಿಂದ ಇಳಿಸಿಕೊಳ್ಳುತ್ತಿದ್ದೆ.

ಒಮ್ಮೆ ಬಾಗಿಲು ಹಾಕಿದ ಒಂದು ಹತ್ತಿ ಮಿಲ್ಲಿನ ಕಚೇರಿಯಿಂದ ಅಂಥದೊಂದು ಯಂತ್ರ ಬಂತು. ವೈರಸ್ಸಿನಿಂದ ಕೆಟ್ಟಿದೆಯೆಂದು ಅದರ ನೆತ್ತಿಯ ಮೇಲೆ ಚೀಟಿ ಅಂಟಿಸಿದ್ದರು. ಬಿಚ್ಚಿ ನೋಡಿದರೆ ಒಳಗೆ ದಿಂಬಿಗೆ ತುಂಬಿದಂತೆ ಹತ್ತಿ. ಮಿಲ್ಲಿನ ಗಾಳಿಯಲ್ಲಿ ಹಾರಾಡುವ ಎಳೆಗಳನ್ನೆಲ್ಲ ಫ್ಯಾನು ವರ್ಷಗಟ್ಟಲೆ ಒಳಗೆಳೆದುಕೊಂಡು, ಕೊನೆಗೆ ತಾನೇ ಅದರಲ್ಲಿ ಹೂತುಹೋಗಿತ್ತು. ಬಿಸಿಯೇರಿ ನಿಂತ ಯಂತ್ರವನ್ನು ನೋಡಿದವರಲ್ಲಿ ಒಬ್ಬರಿಗೂ ನಾಲ್ಕು ತಿರುಪು ಬಿಚ್ಚುವ ಯೋಚನೆ ಬಂದಿರಲಿಲ್ಲ. ಚೀಟಿ ಅಂಟಿಸುವ ಯೋಚನೆ ಮಾತ್ರ ಬಂದಿತ್ತು.

ಹತ್ತಿ ಬಿಡಿಸಿದೆ. ಫ್ಯಾನಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟೆ. ಮೆಮೊರಿಯ ಪಟ್ಟಿಯ ತುದಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳಪು ತಂದೆ. ತಾರೀಖು ಮೊದಲಾದವನ್ನು ನೆನಪಿಡಿಸುವ ಗುಂಡಿ ಸೆಲ್ಲು ತೆಗೆದು ಹೊಸದು ಹಾಕಿದೆ. ಅದರೊಂದಿಗೆ ಮಿಲ್ಲಿನ ಗುಮಾಸ್ತ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಪಾಸ್‌ವರ್ಡೂ ಅಳಿಯಿತು. ಕೀಬೋರ್ಡಿನ ಗುಂಡಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದು, ಮೊರದಲ್ಲಿ ಹಾಕಿ ಬಿಸಿಲಿಗೆ ಒಣಗಿಸಿದೆ. ಪೆಟ್ಟಿಗೆಯ ಮುಂದಿನ ರೀಸೆಟ್ ಗುಂಡಿ ಮಿಲ್ಲಿನಲ್ಲೇ ಮುರಿದು, ಅದರ ತಂತಿಯನ್ನೂ ಯಾರೋ ಕಿತ್ತುಹಾಕಿದ್ದರು. ಬೋರ್ಡಿನ ಮೇಲೆ ಆ ತಂತಿ ಕೂರಬೇಕಾದ ಎರಡು ಸಣ್ಣ ಮೊಳೆಗಳು ಬರಿದಾಗಿ ನಿಂತಿದ್ದವು. ಆ ಗುಂಡಿಯಿಲ್ಲದೆಯೂ ಯಂತ್ರ ನಡೆಯುತ್ತದೆ. ಸಾವಿರಾರು ಯಂತ್ರಗಳು ನಡೆದಿವೆ.

ಇಷ್ಟೆಲ್ಲ ಮಾಡಿದರೂ ಕೆಲಸದ ಅರ್ಧವೇ ಮುಗಿದಂತೆ. ಕಚೇರಿಯ ಯಂತ್ರವನ್ನು ಮನೆಗೆ ಹೊಂದಿಸುವುದು ಉಳಿದರ್ಧ. ಕಚೇರಿಯಲ್ಲಿ ಕಂಪ್ಯೂಟರಿಗೆ ತನ್ನದೇ ಮೇಜು, ತನ್ನದೇ ಪ್ಲಗ್ಗು. ಮನೆಯಲ್ಲಿ ಅದೇ ಪ್ಲಗ್ಗಿನಲ್ಲಿ ಮಿಕ್ಸಿಯೂ ತಿರುಗಬೇಕು. ಮೂರು ಕಾಲಿನ ಪಿನ್ನು ಎರಡು ತೂತಿನ ಸಾಕೆಟ್ಟಿಗೆ ಹೋಗದಿದ್ದರೆ ಮೂರನೆಯ ಕಾಲನ್ನು ಕತ್ತರಿಸಿ ಬಿಸಾಡುವ ಜಾಣರು ಎಲ್ಲ ಓಣಿಗಳಲ್ಲೂ ಇದ್ದರು. ಇನ್ನು ಕೆಲವರು ಟೀವಿಗೆ ಹೊಲಿದಂತೆ ಇದಕ್ಕೂ ಕಸೂತಿಯ ಹೊದಿಕೆ ಹೊಲಿದು, ಯಂತ್ರ ನಡೆಯುವಾಗಲೂ ಹೊದಿಸಿ, ಅದು ಬಿಸಿಯಾಗುವುದು ಹಳೆಯದಾದ್ದರಿಂದ ಎಂದು ನನಗೇ ತಿಳಿಹೇಳುತ್ತಿದ್ದರು.

ಮಿಲ್ಲಿನ ಆ ಯಂತ್ರವನ್ನು ಕೊಂಡವರು ಕೂಡ್ಲಿಗಿಯ ಗಿರಿಜಮ್ಮ. ಅವರು ಕೋರ್ಟಿನ ಹತ್ತಿರದ ಒಂದು ಜಗಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕರಾರು, ದಾವೆಯ ಕಾಗದಗಳನ್ನು ಟೈಪು ಮಾಡಿಕೊಡುತ್ತಿದ್ದರು. ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಜಗಲಿಯ ಮಾಲೀಕರು ಅಲ್ಲಿ ಮಳಿಗೆ ಕಟ್ಟಿಸಲು ಹೊರಟಾಗ ಗಿರಿಜಮ್ಮ ಮನೆಯಲ್ಲಿ ಕುಳಿತೇ ಕೆಲಸ ಮಾಡಬೇಕಾಯಿತು. ಅದೇ ಹೊತ್ತಿಗೆ, ಅವರಿಗೆ ಹೆಚ್ಚಿನ ಕೆಲಸ ಕೊಡುತ್ತಿದ್ದ ಹಿರಿಯ ವಕೀಲರು ಒಂದು ಮಾತು ಹೇಳಿಬಿಟ್ಟರು: ಬೇಸಿಗೆ ರಜೆ ಮುಗಿದು ಕೋರ್ಟು ತೆರೆಯುವಷ್ಟರಲ್ಲಿ ಕಂಪ್ಯೂಟರಿನಲ್ಲಿ ಕಾಗದ ತಯಾರಿಸುವಂತಾದರೆ ಸರಿ, ಇಲ್ಲವಾದರೆ ಫೈಲುಗಳೆಲ್ಲ ಬಜಾರಿನ ಝೆರಾಕ್ಸ್ ಅಂಗಡಿಗೆ ಹೋಗುತ್ತವೆ.

“ಅಣ್ಣಾರ, ಗುಜರಿ ಕಂಪ್ಯೂಟ್ರು ಮಾರೋರು ನೀವೇ ಏನ್ರಿ?” ಎನ್ನುತ್ತ ನನ್ನ ಅಂಗಡಿಗೆ ಬಂದರು.

“ನಾನು ರಿಪೇರಿ ಮಾಡಿದ ಮ್ಯಾಲೆ ಅದು ಗುಜರಿ ಅಲ್ರಿ.”

“ಆತು ಬಿಡ್ರಿ. ಇದು ಎಲ್ಲಿಂದು?”

“ಬಾಗ್ಲಾ ಹಾಕ್ಯಾರಲ್ರಿ, ಆ ಹತ್ತಿ ಮಿಲ್ಲಿಂದು.”

ಆ ಮಾತಿಗೆ ಗಿರಿಜಮ್ಮ ಪೆಟ್ಟಿಗೆಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೆಲೆಯ ಯೋಚನೆ ಇರಬೇಕೆಂದುಕೊಂಡೆ. ಆಮೇಲೆ ಯಂತ್ರವನ್ನೂ ಒಂದು ಹಳೆಯ ಪ್ರಿಂಟರನ್ನೂ ಕೌದಿಯಲ್ಲಿ ಸುತ್ತಿ ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಹೊರಟರು. “ಕೂಸಿನಂಗ ಹೊದಿಸೀರಲ್ಲಮ್ಮ, ಅರ್ಧಾ ಟಿಕೀಟು ತಗೀರಿ” ಎಂದು ಕಂಡಕ್ಟರು ಬಾಗಿಲಲ್ಲೇ ಶುರುಮಾಡಿದ್ದ.

ಕೆಲವು ದಿನಗಳಾದ ಮೇಲೆ ಎಸ್‌ಟಿಡಿ ಬೂತಿನಿಂದ ಗಿರಿಜಮ್ಮನ ಫೋನು ಬಂತು. “ಅಣ್ಣಾರ, ಟೈಪ್ ಮಾಡ್ತಿರ್ತೀನಿ, ತಾನ ಬಂದ್ ಆಗಿ ತಾನ ಹೊಳ್ಳಿ ಚಾಲೂ ಆಗತೈತಿ. ಬಡದಿದ್ದೆಲ್ಲ ಹೋಗಿಬಿಡ್ತೈತ್ರಿ.” ತರಲು ಹೇಳಿದೆ. ತಂದರು. ನನ್ನ ಅಂಗಡಿಯಲ್ಲಿ ಅದು ಬೆಳಿಗ್ಗೆಯಿಂದ ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಪಟ್ಟಿಗಳು ಸಡಿಲಾಗಿರಬೇಕೆಂದು ಎಲ್ಲವನ್ನೂ ಒತ್ತಿ ಕೂರಿಸಿ ಕಳಿಸಿದೆ. ಮನೆಗೆ ಹೋದ ಮೇಲೆ ಮತ್ತೆ ಅದೇ ಕಥೆ. ಮತ್ತೆ ಬಸ್ಸು, ಮತ್ತೆ ಕೌದಿ. ನನ್ನ ಮೇಜಿನ ಮೇಲೆ ಮತ್ತೆ ಅದರ ನಿರ್ದೋಷವಾದ ನಡವಳಿಕೆ.

ಕೂಡ್ಲಿಗಿಯಲ್ಲಿ ಅಷ್ಟರಲ್ಲಿ ಕಾರಣ ತಿಳಿದವರ ಸಂಖ್ಯೆ ಬೆಳೆದಿತ್ತು. ಮಿಲ್ಲಿನ ವೈರಸ್ಸು ಇನ್ನೂ ಒಳಗೇ ಇದೆಯೆಂದು ಝೆರಾಕ್ಸ್ ಅಂಗಡಿಯವನು ಸಾರಿದ್ದ. ಯಂತ್ರಕ್ಕೆ ವಯಸ್ಸಾಗಿದೆ ಎಂಬುದು ವಕೀಲರ ಗುಮಾಸ್ತನ ಮತ. ಆತ ಯಂತ್ರಕ್ಕಿಂತ ಬಹಳ ಹಿರಿಯ. ವೋಲ್ಟೇಜ್ ಸಾಲದೆಂದು ಖುದ್ದು ವಕೀಲರೇ ತೀರ್ಪು ಕೊಟ್ಟಿದ್ದರು. ಇವರಲ್ಲಿ ಯಾರೂ ಯಂತ್ರವನ್ನು ಕಣ್ಣಿನಿಂದ ನೋಡಿರಲಿಲ್ಲ. ಕೋರ್ಟು ತೆರೆಯಲು ಇನ್ನು ಒಂದೇ ವಾರ ಉಳಿದಾಗ ನಾನು ಮೀಟರು ಹಿಡಿದು ಕೂಡ್ಲಿಗಿಯ ಬಸ್ಸು ಹತ್ತಿದೆ.

ಗಿರಿಜಮ್ಮನ ಮನೆಯ ವೋಲ್ಟೇಜ್ ಸರಿಯಿತ್ತು. ವಕೀಲರ ತೀರ್ಪು ಅಲ್ಲಿಗೆ ವಜಾ ಆಯಿತು. ಪಿನ್ನಿನ ಮೂರು ಕಾಲುಗಳೂ ಇದ್ದವು. ನಾನು ಕುಳಿತು ಒಂದು ಪುಟ ಟೈಪು ಮಾಡಿದೆ. ಯಂತ್ರ ಮಿಸುಕಲಿಲ್ಲ.

“ನೀವು ಕೂತ್ರ ಹಿಂಗ ಇರತೈತ್ರಿ. ಏಳ್ರಿ, ನಾನು ತೋರಸ್ತೀನಿ” ಎಂದು ಗಿರಿಜಮ್ಮ ಕುಳಿತರು.

ಅವರ ಕೈ ಟೈಪ್‌ರೈಟರಿನ ಮೇಲೆ ಪಳಗಿದ್ದು. ಒಂದೊಂದು ಅಕ್ಷರವನ್ನೂ ನಾಲ್ಕು ಕಾರ್ಬನ್ ಪ್ರತಿಗಳ ತಳದವರೆಗೆ ಮುಟ್ಟಿಸುವ ಬಲದಿಂದ ಬಡಿಯುತ್ತಿದ್ದರು. ಮೇಜು ಅಲುಗಿತು. ಅರ್ಧ ಪುಟ ಆಗುವಷ್ಟರಲ್ಲಿ ಪರದೆ ಕಪ್ಪಾಗಿ, ಯಂತ್ರ ಮತ್ತೆ ಮೊದಲಿನಿಂದ ಏಳತೊಡಗಿತು.

“ಗಿರಿಜಮ್ಮಾರ, ಇದೇನು ಒನಕಿ ಏನ್ರಿ? ಹಿಂಗ ಕುಟ್ಟಿದ್ರ ಯಾವ ಕಂಪ್ಯೂಟ್ರು ತಾಳತೈತಿ?”

“ಕುಟ್ಟಬಾರದು ಅಂತ ಮಾರೂವಾಗ ಹೇಳಬೇಕಿತ್ತಿಲ್ರಿ? ಆಗ ಅದೊಂದು ಬಿಟ್ಟು ಊರಾಗಿಂದೆಲ್ಲ ಹೇಳಿದ್ರಿ.”

ಏಟಿಗೆ ಒಳಗೆ ಏನೋ ಅಲುಗುತ್ತಿದೆಯೆಂಬುದಂತೂ ಖಚಿತವಾಯಿತು. ಯಂತ್ರ ಆರಿಸಿ, ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಗೆ ಕೈ ಹಾಕಿದೆ.

“ತಡೀರಿ! ನೀವು ಮುಟ್ಟಬ್ಯಾಡ್ರಿ. ಸ್ನಾನ ಆಗೇತೋ ಇಲ್ಲೋ.”

“ಬಿಚ್ಚಾಕ ಸ್ನಾನ ಯಾಕ್ರಿ?”

ಗಿರಿಜಮ್ಮ ಒಳಗೆ ಹೋಗಿ ಕೈಕಾಲು ತೊಳೆದು ಬಂದರು. ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ತಿರುಪುಗಳನ್ನು ಎಷ್ಟು ಸರಾಗವಾಗಿ ಬಿಚ್ಚಿದರೆಂದರೆ ಅದು ಮೊದಲ ಸಲವಲ್ಲವೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಪೆಟ್ಟಿಗೆಯ ಪಕ್ಕದ ಮುಚ್ಚಳ ಸರಿಸಿ ಒಳಗೆ ಕೈ ಇಳಿಸಿ, ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದ ಒಂದು ತಾಮ್ರದ ತಗಡನ್ನು ತೆಗೆದು ಕಣ್ಣಿಗೊತ್ತಿಕೊಂಡರು. ಬೆರಳುದ್ದದ ತಗಡು, ಮೇಲೆ ಚೌಕದ ಮನೆಗಳನ್ನು ಹಾಕಿ ಕೊರೆದ ಅಕ್ಷರಗಳು, ಅರಿಶಿನ, ವಿಭೂತಿ.

“ಇದು ಯಾವಾಗಿಂದ ಐತ್ರಿ ಇಲ್ಲಿ?”

“ತಂದ ದಿನದಿಂದ. ಬಾಗ್ಲಾ ಹಾಕಿದ ಮಿಲ್ಲಿನ ಸಾಮಾನು, ಯಾರ್ಯಾರ ಕಣ್ಣೀರು ಕುಡದೈತೋ. ಹಂಗ ಮನೀಗೆ ಹೊಕ್ಕಿಸ್ಕೋತಾರೇನ್ರಿ? ಮಠದ ಅಯ್ಯನೋರ ಹತ್ರ ಮಂತ್ರ ಬರಸಿ ಕಟ್ಟೀನಿ.”

“ಮತ್ತ ನನ್ನ ಅಂಗಡಿಗೆ ತಂದಾಗ ಕಾಣಲಿಲ್ಲ?”

“ಮನಿ ಕಾಯೋ ತಗಡು ಹೊಸ್ತಿಲಾ ದಾಟಬಾರದು. ತಗದು ದೇವರ ಜಗಲಿ ಮ್ಯಾಲಿಟ್ಟು ಬರತಿದ್ದೆ. ಹೊಳ್ಳಿ ಬಂದ ಮ್ಯಾಲೆ ಕಟ್ಟತಿದ್ದೆ.”

ತಗಡು ಎಲ್ಲಿ ತೂಗುತ್ತಿತ್ತೆಂದು ನೋಡಿದೆ. ರೀಸೆಟ್ ಗುಂಡಿಯ ಆ ಎರಡು ಬರಿಯ ಮೊಳೆಗಳ ನೇರ ಪಕ್ಕದಲ್ಲಿ. ಆ ಎರಡು ಮೊಳೆಗಳನ್ನು ಒಂದು ಲೋಹದ ಚೂರು ಕೂಡಿಸಿತೆಂದರೆ ಗುಂಡಿ ಒತ್ತಿದಂತೆಯೇ. ಯಂತ್ರ ಮೊದಲಿನಿಂದ ಶುರುವಾಗಲೇಬೇಕು. ಗಿರಿಜಮ್ಮ ಬಡಿದಾಗ ಮೇಜು ಅಲುಗಿ, ತಗಡು ತೂಗಿ, ಮೊಳೆಗಳಿಗೆ ತಾಗುತ್ತಿತ್ತು. ನಾನು ಮೆಲ್ಲಗೆ ಬಡಿದರೆ ತೂಗುತ್ತಿರಲಿಲ್ಲ. ನನ್ನ ಅಂಗಡಿಗೆ ತಗಡು ಬರುತ್ತಲೇ ಇರಲಿಲ್ಲ. ಇದನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ತಗಡನ್ನು ಕೈಯಲ್ಲಿ ಹಿಡಿದು ಮೊಳೆಗಳಿಗೆ ಮುಟ್ಟಿಸಲು ಹೇಳಿ ಯಂತ್ರ ಚಾಲೂ ಮಾಡಿದೆ. ಅವರು ಮುಟ್ಟಿಸಿದರು. ಪರದೆ ಕಪ್ಪಾಯಿತು. ಇನ್ನೊಮ್ಮೆ ಮುಟ್ಟಿಸಿದರು, ಇನ್ನೊಮ್ಮೆ ಕಪ್ಪಾಯಿತು.

“ಅಯ್ಯ, ಖರೇನ” ಎಂದರು.

“ಇದಕ್ಕ ನೀವು ನನ್ನನ್ನ ಬಸ್ಸು ಹತ್ತಿಸಿದ್ರಿ! ಒಂದು ಮಾತು ಹೇಳಬಾರದೇನ್ರಿ?”

“ಒಳಗ ನೀ ಏನರ ಇಟ್ಟೀಯೇನು ಅಂತ ಒಬ್ಬರಾರ ಕೇಳೀರೇನ್ರಿ? ಝೆರಾಕ್ಸಿನಾತ ಕೇಳಲಿಲ್ಲ, ವಕೀಲರು ಕೇಳಲಿಲ್ಲ, ನೀವೂ ಕೇಳಲಿಲ್ಲ. ಎಲ್ಲಾರೂ ನನಗ ಹೇಳಿದ್ರಿ.”

ತಗಡನ್ನು ಬಿಸಾಡಿರೆಂದು ನಾನು ಹೇಳಿದೆ, ಮೂಢನಂಬಿಕೆಯ ಬಗ್ಗೆ ಇನ್ನೂ ಕೆಲವು ಮಾತುಗಳನ್ನು ಸೇರಿಸಿದೆ. ಗಿರಿಜಮ್ಮ ಅವನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪರದೆಯ ಮೇಲ್ಗಡೆ ಗೋಡೆಗೆ ಒಂದು ಮೊಳೆ ಬಡಿದು, ತಗಡನ್ನು ಅದಕ್ಕೆ ನೇತುಹಾಕಿ, “ಒಳಗಿದ್ರೇನು, ಮ್ಯಾಲಿದ್ರೇನು, ಕಾಯೋದು ಕಾಯತೈತಿ” ಎಂದು ಕುಳಿತು ಬಡಿಯತೊಡಗಿದರು. ಪೂರ್ತಿ ಒಂದು ದಾವೆಯ ಕಾಗದ ಮುಗಿಯಿತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಪ್ರಿಂಟರು ಕಿರ್ರೆಂದು ಪುಟಗಳನ್ನು ಹೊರಗೆ ಹಾಕಿತು. ಕೋರ್ಟು ತೆರೆದ ದಿನ ವಕೀಲರ ಫೈಲುಗಳು ಅವರ ಮನೆಗೇ ಬಂದವೆಂದು ಫೋನು ಬಂತು. ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದೆ.

ಮಳೆಗಾಲ ಕಳೆದ ಮೇಲೆ ಹಿರೇಹಡಗಲಿಯ ಒಬ್ಬ ಕಿರಾಣಿ ವ್ಯಾಪಾರಿ ಹಳೆಯ ಕಂಪ್ಯೂಟರು ಕೊಳ್ಳಲು ನನ್ನ ಅಂಗಡಿಗೆ ಬಂದ. ಯಂತ್ರ ಒಪ್ಪಿಗೆಯಾಯಿತು.

“ಮತ್ತ ಜೋಡೀಗೆ ಅದನ್ನೂ ಕೊಟ್ಟುಬಿಡ್ರಿ” ಎಂದ.

“ಯಾವುದನ್ರಿ?”

“ತಗಡು. ಕೂಡ್ಲಿಗಿ ಗಿರಿಜಮ್ಮಾರ ಮಷೀನಿಗೆ ಹಾಕ್ಯಾರಲ್ರಿ, ಅದು. ಮಷೀನು ಗಳಿಗ್ಗೊಮ್ಮೆ ಬಂದ್ ಆಗತಿತ್ತಂತ. ಕೊಟ್ಟೂರಿಂದ ಯಾರೋ ಇಂಜಿನಿಯರ್ ಮೀಟ್ರು ಹಿಡ್ಕೊಂಡು ಬಂದಿದ್ನಂತ, ಅವನಿಗೂ ಏನೂ ತಿಳೀಲಿಲ್ಲಂತ. ತಗಡು ಕಟ್ಟಿದ ಮ್ಯಾಲೆ ಇವತ್ತಿನತನ ನಿಂತಿಲ್ಲಂತ ನೋಡ್ರಿ.”

ಆತನಿಗೆ ಯಂತ್ರವನ್ನು ಮಾತ್ರ ಕಟ್ಟಿಕೊಟ್ಟು, ಅಂಗಡಿಯ ಬಾಗಿಲು ಎಳೆದು, ಕೂಡ್ಲಿಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಈ ಸುಳ್ಳು ಹಬ್ಬಿಸಿದವನು ತಗಡು ಬರೆದುಕೊಟ್ಟ ಆ ಅಯ್ಯನೇ ಇರಬೇಕೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಗಿರಿಜಮ್ಮನ ಮನೆಯ ಪಡಸಾಲೆಯಲ್ಲಿ ಆರೇಳು ಜನ ಕಾಗದ ಹಿಡಿದು ಕುಳಿತಿದ್ದರು. ಮೇಜಿನ ಪಕ್ಕದ ಕುರ್ಚಿಯೊಂದು ಖಾಲಿಯಿತ್ತು. ನಾನು ಅದರಲ್ಲಿ ಕುಳಿತು ಕೇಳಿದ ಕಥೆಯನ್ನು ಹೇಳಿದೆ.

“ಅಯ್ಯನೋರಿಗೆ ಏನೂ ಗೊತ್ತಿಲ್ರಿ. ಅದನ್ನ ಹೇಳಿದಾಕಿ ನಾನು” ಎಂದರು ಗಿರಿಜಮ್ಮ, ಬಡಿಯುವುದನ್ನು ನಿಲ್ಲಿಸದೆ.

“ನೀವು? ನಿಮ್ಮ ಕೈಯಾರೆ ಮುಟ್ಟಿಸಿ ನೋಡೀರಲ್ರಿ!”

ಅವರು ದನಿ ತಗ್ಗಿಸಿದರು. “ಕೋರ್ಟು ತೆರದ ಮ್ಯಾಲೆ ಝೆರಾಕ್ಸಿನಾತ ಊರ ತುಂಬ ಏನು ಹೇಳಿಕೋತ ಅಡ್ಡಾಡಿದ ಗೊತ್ತೇನ್ರಿ? ಮುಳುಗಿದ ಮಿಲ್ಲಿನ ಕಂಪ್ಯೂಟ್ರು, ಅದರಾಗ ಬರಸಿದ ಕೇಸು ಗೆಲ್ಲೂದಿಲ್ಲ ಅಂತ. ಎರಡು ದಿನ ಒಬ್ಬರೂ ಈ ಮನಿ ಮೆಟ್ಲಾ ಹತ್ತಲಿಲ್ಲ. ವಕೀಲರ ಕಕ್ಷಿದಾರರು ತಮ್ಮ ಫೈಲು ವಾಪಸ್ ಕೊಡ್ರಿ ಅಂದ್ರು. ಅವರಿಗೆ ನಾನು ಏನು ಹೇಳಬೇಕಿತ್ರಿ? ಎರಡು ಮೊಳಿ ಇದ್ವು, ತಗಡು ಬಡೀತಿತ್ತು, ಅಂತ ಹೇಳ್ಲಾ?”

“ಖರೇ ಅದೇ ಐತಲ್ರಿ!”

“ಖರೇ ಹೇಳಿದ್ರ ಇವರೆಲ್ಲ ಝೆರಾಕ್ಸಿನಾತನ ಅಂಗಡಿಗೆ ಹೋಗತಿದ್ರು. ತಗಡು ಕಾಯತೈತಿ ಅಂದಿದ್ದಕ್ಕ ನನ್ನ ಮನೀಗೆ ಬಂದಾರ.”

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಹಾಗೆಯೇ ಇತ್ತು. ಮೊದಲನೆಯದನ್ನು ಹೇಳಲು ಬಾಯಿ ತೆರೆದೆ. ಗಿರಿಜಮ್ಮ ಮುಗಿದ ಪುಟವನ್ನು ಪ್ರಿಂಟರಿನಿಂದ ಹರಿದು ತೆಗೆದು, ಪಡಸಾಲೆಯಲ್ಲಿದ್ದ ಒಬ್ಬ ಮುದುಕರನ್ನು ಕೈ ಬೀಸಿ ಕರೆದರು.

“ಆ ಕುರ್ಚಿ ಬಿಟ್ಟುಕೊಡ್ರಿ ಅಣ್ಣಾರ” ಎಂದರು ನನಗೆ. “ಈಗ ಅವರ ಪಾಳಿ.”

ನಾನು ಎದ್ದೆ.